ಬೀಗ ಬಿದ್ದ ಹಿತ್ತಲಿನ ಮಾಗಿ

ದೀಪಾವಳಿ ಕಳೆದ ಮುಂದಿನ ವಾರ ನಮ್ಮ ಹಿತ್ತಲಿಗೆ ಎರಡು ಬೀಗ ಬಿದ್ದವು. ನಮ್ಮ ಹಿಂಬಾಗಿಲಿಗೆ ಒಂದು, ಭಾವನವರ ಹಿಂಬಾಗಿಲಿಗೆ ಇನ್ನೊಂದು.

ಹೊಳೆನರಸೀಪುರದ ಈ ಮನೆಯನ್ನು ನಮ್ಮ ಮಾವ ತಮ್ಮ ಇಬ್ಬರು ಗಂಡುಮಕ್ಕಳಿಗೆಂದು ಕಟ್ಟಿಸಿದ್ದು. ನಡುವೆ ಒಂದೇ ಗೋಡೆ, ಬಲಕ್ಕೆ ನಾವು, ಎಡಕ್ಕೆ ನನ್ನ ಗಂಡನ ಅಣ್ಣ ಮತ್ತು ವಾರಗಿತ್ತಿ. ಮನೆಗಳನ್ನು ಭಾಗ ಮಾಡಿದ ಮಾವ ಹಿತ್ತಲನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎರಡೂ ಮನೆಯ ಹಿಂಬಾಗಿಲು ಅದಕ್ಕೇ ತೆರೆಯುತ್ತವೆ. ಉಳಿದ ಮೂರು ಕಡೆ ಆಳೆತ್ತರದ ಕಾಂಪೌಂಡು, ಹೊರಗಿನಿಂದ ಬರಲು ಬೇರೆ ದಾರಿಯಿಲ್ಲ. ಅಲ್ಲಿದ್ದ ಗಿಡಗಳನ್ನೆಲ್ಲ ನೆಟ್ಟಿದ್ದು ಅತ್ತೆ. ಅವರು ಹೋದ ಮೇಲೆ ನಾನೂ ವಾರಗಿತ್ತಿಯೂ ನೋಡಿಕೊಂಡೆವು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದು, ಒಂದೇ ತಂತಿಗೆ ಹರವುತ್ತಿದ್ದೆವು. ಯಾವ ಗಿಡ ಯಾರದು ಎಂಬ ಮಾತು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಭಾವನವರಿಗೆ ಆ ಜಾಗದಲ್ಲಿ ಬಾಡಿಗೆಗೆ ಕೊಡಲು ಎರಡು ರೂಮು ಕಟ್ಟಿಸುವ ಆಸೆ ಹುಟ್ಟಿತು. ಭಾಗವಾಗದೆ ಒಂದು ಕಲ್ಲೂ ಇಡಕೂಡದು ಎಂದು ನನ್ನ ಗಂಡ ಹೇಳಿದರು. ಅಣ್ಣ ತಮ್ಮ ಇಬ್ಬರದೂ ಒಂದೇ ಹಟ. ಒಂದು ಬೆಳಿಗ್ಗೆ ಭಾವನವರ ಆಳುಗಳು ಅವರ ಮನೆಯೊಳಗಿನಿಂದಲೇ ಸೈಜುಗಲ್ಲು ಹೊತ್ತು ತಂದು ತುಳಸಿಕಟ್ಟೆಯ ಪಕ್ಕ ಪೇರಿಸತೊಡಗಿದರು. ನನ್ನ ಗಂಡ ಹಲ್ಲುಜ್ಜುತ್ತಿದ್ದವರು ಹಾಗೇ ಓಡಿದರು. ಕೊರಳಪಟ್ಟಿ ಹಿಡಿಯುವ ಮಟ್ಟಕ್ಕೆ ಹೋಯಿತು. ನಾನೂ ಅಕ್ಕನೂ ನಡುವೆ ನಿಂತು ಬಿಡಿಸಿದೆವು. ಅವತ್ತೇ ಪೊಲೀಸು, ಆಮೇಲೆ ಕೋರ್ಟು. ಮನೆಗೆ ಬಂದ ಪೊಲೀಸ್ ಅಧಿಕಾರಿ ಹಿತ್ತಲನ್ನೊಮ್ಮೆ ನೋಡಿ, "ಕೋರ್ಟ್ನೋರು ಹೇಳೋಗಂಟ ಯಾರೂ ಕಾಲಿಡಂಗಿಲ್ಲ. ಎರಡೂ ಬಾಗ್ಲಿಗೂ ಬೀಗ ಜಡೀರಿ" ಎಂದರು. ಬೀಗ ಹಾಕಿದ್ದನ್ನು ನಿಂತು ನೋಡಿಯೇ ಹೋದರು. ಕೋರ್ಟು ಯಥಾಸ್ಥಿತಿ ಕಾಪಾಡಬೇಕು ಎಂದಿತು.

ಹಾಸನದ ನಮ್ಮ ವಕೀಲರು ಅದನ್ನು ನಮಗೆ ಬಿಡಿಸಿ ಹೇಳಿದರು. "ಇದ್ದದ್ದು ಇದ್ದ ಹಾಗೇ ಇರಬೇಕು, ಅಷ್ಟೆ. ಅವರ ಕಡೆಯೋರು ಒಂದು ರೆಂಬೆ ಕಡಿದರೂ ನಮಗೆ ಸಾಕ್ಷಿ ಬೇಕು. ಹಗಲೊತ್ತು ಮನೇಲಿರೋರು ಯಾರು?"

ನನ್ನ ಗಂಡ ನನ್ನ ಕಡೆ ತಿರುಗಿದರು. ಅವರು ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು, ಏಳು ಗಂಟೆಯ ಬಸ್ಸಿಗೆ ಹೋಗಿಬಿಡುತ್ತಾರೆ. ಮಗಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಬೆಳಕು ಚೆನ್ನಾಗಿ ಬರುತ್ತದೆಂದು ಮಿಷನ್ನನ್ನು ಹಿಂದಿನ ಕಿಟಕಿಗೇ ಹಾಕಿಕೊಂಡಿದ್ದೆ.

"ದಿನಾ ಬೆಳಗ್ಗೆ ಎಂಟಕ್ಕೆ ಕಿಟಕಿಯಿಂದ ಒಂದು ಫೋಟೋ ತೆಗೀರಮ್ಮ. ಒಂದು ದಿನಾನೂ ತಪ್ಪಬಾರದು" ಎಂದರು ವಕೀಲರು.

ಹೀಗೆ ನಾನು ಆ ಚಳಿಗಾಲವಿಡೀ ಗಿಡಗಳನ್ನು ನೋಡುತ್ತ ಕೂರಬೇಕಾಯಿತು. ಮೊದಲೂ ದಿನಾ ನೋಡುತ್ತಿದ್ದೆ, ಆದರೆ ಅದು ನೀರು ಹಾಕುವಾಗ, ಸೊಪ್ಪು ಕೀಳುವಾಗ ನೋಡುವ ನೋಟ. ಕೈಯಲ್ಲಿ ಏನೂ ಮಾಡಲಾಗದೆ ಬರೀ ನೋಡುವುದು ಬೇರೆಯೇ. ಮೊದಲ ವಾರ ಏನೂ ಅನ್ನಿಸಲಿಲ್ಲ. ಹಿಂಗಾರು ಆಗಷ್ಟೇ ನಿಂತಿತ್ತು, ನೆಲದಲ್ಲಿ ತೇವವಿತ್ತು. ದಾಸವಾಳ ದಿನಕ್ಕೆ ಹತ್ತು ಹನ್ನೆರಡು ಹೂ ಬಿಡುತ್ತಿತ್ತು. ಸೇವಂತಿಗೆ ಮೊಗ್ಗಾಗಿತ್ತು. ದೇವರಿಗೆ ಹೂ ಬೇಕೆಂದು ನಾನು ಬೀದಿಯ ಗಾಡಿಯವಳ ಹತ್ತಿರ ಕೊಂಡು ತಂದೆ. ಅವಳು, "ಮನೇಲೇ ಅಷ್ಟೊಂದ್ ಐತಲ್ಲವ್ವ" ಎಂದಾಗ ಚಿಲ್ಲರೆ ಎಣಿಸಿ ಕೊಟ್ಟು ಒಳಗೆ ಬಂದೆ.

ಸಂಕಟ ಶುರುವಾದದ್ದು ಅವರೆಯಿಂದ. ಕಾಂಪೌಂಡಿನ ಉದ್ದಕ್ಕೂ ಅಕ್ಕ ಹಬ್ಬಿಸಿದ್ದ ಅವರೆಬಳ್ಳಿಗೆ ಇಬ್ಬನಿ ಬಿದ್ದಷ್ಟೂ ಹಿಗ್ಗು. ನೀರೇ ಬೇಡ ಅದಕ್ಕೆ. ಕಾರ್ತಿಕ ಮುಗಿಯುವುದರೊಳಗೆ ಕಾಯಿ ತೂಗತೊಡಗಿದವು. ಬೆಳಿಗ್ಗೆ ಕಿಟಕಿ ತೆರೆದರೆ ಸೊಗಡಿನ ವಾಸನೆ ನೇರ ಮೂಗಿಗೆ ಬರುತ್ತಿತ್ತು. ನನ್ನ ಗಂಡ ಸಂತೆಯಿಂದ ಅವರೆಕಾಯಿ ತಂದು ಮುಂದಿಟ್ಟಾಗ ನಾನು ಸುಲಿಯುತ್ತ ಕೂತದ್ದೂ ಅದೇ ಕಿಟಕಿಯ ಬುಡದಲ್ಲಿ. ಹೊರಗಿನ ಕಾಯಿ ದಿನದಿಂದ ದಿನಕ್ಕೆ ಬಲಿತು, ಹಳದಿಯಾಗಿ, ಹುಲ್ಲಿನ ಬಣ್ಣಕ್ಕೆ ತಿರುಗಿ, ಕಡೆಗೆ ಬಿಸಿಲೇರಿದಾಗ ಚಟ್ಟೆಂದು ಸಿಡಿಯುತ್ತಿತ್ತು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿ ಆ ಸದ್ದು ಕೇಳುತ್ತಿದ್ದೆ. ಕಾಳು ನೆಲಕ್ಕೆ ಬಿದ್ದರೆ ಅಳಿಲುಗಳು ಬರುತ್ತಿದ್ದವು. ಅವಕ್ಕೆ ಕೋರ್ಟಿನ ಅಪ್ಪಣೆ ತಿಳಿಯದು.

ಕೊರವಂಗಲದ ಹತ್ತಿರ ನನ್ನ ತವರು. ಅವ್ವ ಫೋನು ಮಾಡಿ, "ಅವರೆ ಸುರ್ದೈತೆ ಕಣವ್ವ. ಎರಡ್ ದಿನ ಇದ್ದು, ತಕಂಡು ಓಗು ಬಾ" ಎಂದಳು.

"ಬರಕ್ಕಾಗಲ್ಲ ಕಣವ್ವ. ದಿನಾ ಪೋಟ ತಗೀಬೇಕು."

"ಏನ್ ಪೋಟ?"

"ಗಿಡದ್ದು."

ಅವ್ವ ಆ ಮಾತು ಬಿಟ್ಟು, "ಊಟ ಮಾಡಿದ್ಯಾ?" ಎಂದು ಕೇಳಿದಳು.

ಧನುರ್ಮಾಸ ಬಂತು. ಹೇಮಾವತಿಯ ಕಡೆಯಿಂದ ಮಂಜು ಎದ್ದು ಬಂದು ಹಿತ್ತಲನ್ನು ತುಂಬಿಕೊಳ್ಳುತ್ತಿತ್ತು. ಎಂಟು ಗಂಟೆಯ ಫೋಟೋದಲ್ಲಿ ಕಿಟಕಿಯ ಸರಳು, ಅದರಾಚೆ ಬರೀ ಬಿಳುಪು. ಸಂಜೆ ಬಂದು ಫೋನು ನೋಡಿ ನನ್ನ ಗಂಡ, "ಇದ್ರಲ್ಲೇನು ಕಾಣ್ತದೆ? ಮಂಜು ಕರಗಿದ್ ಮೇಲೆ ಇನ್ನೊಂದು ತಗಿ" ಎಂದರು. ಹಾಗಾಗಿ ದಿನಕ್ಕೆ ಎರಡಾಯಿತು.

ಅಷ್ಟು ಮಂಜು ಬೀಳುವಾಗ ಗಿಡಗಳಿಗೆ ನೀರೇಕೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅದು ನನ್ನ ತಪ್ಪು ಲೆಕ್ಕ. ಇಬ್ಬನಿ ಎಲೆ ತೊಳೆಯುತ್ತದೆ, ಬೇರಿನವರೆಗೆ ಇಳಿಯುವುದಿಲ್ಲ. ಹತ್ತು ಗಂಟೆಗೆ ಬಿಸಿಲು ಬಂದರೆ ನೆಲ ಬಿರಿದು ನಿಂತಿರುವುದು ಕಾಣುತ್ತಿತ್ತು. ಸೇವಂತಿಗೆ ಅರಳಿತು. ಹೂವಿನ ಭಾರಕ್ಕೆ, ಊರುಗೋಲು ಕೊಡುವವರಿಲ್ಲದೆ ಮಗ್ಗುಲಾಗಿ ಮಲಗಿತು. ಬಿಡಿಸದೆ ಬಿಟ್ಟ ಹೂಗಳು ಗಿಡದಲ್ಲೇ ಕಂದಾದವು, ಆಮೇಲೆ ಹೊಸ ಮೊಗ್ಗು ಬರಲೇ ಇಲ್ಲ. ಕರಿಬೇವು ಚಳಿಗೆ ಚಿಗುರುವುದನ್ನು ನಿಲ್ಲಿಸುವುದು ಪ್ರತಿ ವರ್ಷದ ಮಾತೇ, ಆದರೆ ಈ ಸಲ ಇದ್ದ ಎಲೆಯೂ ಹಳದಿಯಾಗಿ ಉದುರಿತು. ಪಪ್ಪಾಯದ ಕಾಯಿ ಚಳಿಗೆ ಬೆಳೆಯಲೂ ಇಲ್ಲ, ಹಣ್ಣಾಗಲೂ ಇಲ್ಲ, ಹಾಗೇ ಕಲ್ಲಾಗಿ ನಿಂತವು. ದಾಸವಾಳದ ಮೊಗ್ಗು ಬಟಾಣಿಯಷ್ಟಾಗಿ, ಅರಳದೆ ಕಳಚಿ ಬೀಳತೊಡಗಿದವು. ಕೊನೆಯ ಎಲೆಗಳ ಕಂಕುಳಲ್ಲಿ ಹತ್ತಿ ಅಂಟಿಸಿದಂತೆ ಬಿಳಿ ಹುಳು ಕಟ್ಟಿದ್ದು ಕಿಟಕಿಗೂ ಕಾಣುತ್ತಿತ್ತು. ಎರಡು ಬೆರಳಲ್ಲಿ ಉಜ್ಜಿ ತೆಗೆಯಬಹುದಾದ ಹುಳು ಅದು. ದಿನಾ ಅದು ಒಂದೊಂದು ರೆಂಬೆ ಮುಂದೆ ಹೋಗುವುದನ್ನು ನಾನು ಫೋಟೋ ತೆಗೆದುಕೊಂಡು ಕೂತಿದ್ದೆ.

ಧನುರ್ಮಾಸ ಹಿಡಿಯುವ ಮುಂಚಿನ ವಾರ ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಿತ್ತು. ಬೆಳಗಿನ ಜಾವದಲ್ಲೇ ಹಾಲು ಉಕ್ಕಿಸುವ ಶಾಸ್ತ್ರ. ಹಿಂದಿನ ದಿನವೇ ಹೋಗುತ್ತೇನೆ, ಒಂದು ದಿನ ನೀವೇ ಏಳಕ್ಕೆ ಮುಂಚೆ ಫೋಟೋ ತೆಗೆದುಬಿಡಿ ಎಂದು ನನ್ನ ಗಂಡನನ್ನು ಕೇಳಿದೆ. "ವಕೀಲ್ರು ಎಂಟು ಅಂದವ್ರೆ. ಅವತ್ತೇ ಏನಾರ ಆದ್ರೆ?" ಎಂದರು. ಜಗಳವಾಡಲಿಲ್ಲ, ಬರೀ ಹೇಳಿದರು. ನಾನು ಎಂಟಕ್ಕೆ ಫೋಟೋ ತೆಗೆದು, ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿದೆ. ಅಲ್ಲಿ ಮುಟ್ಟುವಾಗ ಹೋಮವೂ ಮುಗಿದು ಎಲೆ ಹಾಸುತ್ತಿದ್ದರು. ತಂಗಿ ನನ್ನ ಕೈಗೆ ಕುಂಕುಮದ ಬಟ್ಟಲು ಕೊಡುತ್ತ, "ಆಲುಕ್ಕೋ ಒತ್ಗೆ ನೀನೇ ಇರ್ನಿಲ್ಲ" ಎಂದಳು. ಯಾಕೆ ತಡವಾಯಿತೆಂದು ಪಕ್ಕದವರು ಕೇಳಿದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಎಲ್ಲರೂ ನಕ್ಕರು, ತಂಗಿಯೊಬ್ಬಳನ್ನು ಬಿಟ್ಟು. ಉಂಡ ಕೈ ಆರುವ ಮುಂಚೆ ವಾಪಸು ಬಸ್ಸು ಹಿಡಿದೆ.

ಹಿತ್ತಲಿನ ನಡುಮಧ್ಯದಲ್ಲಿದ್ದ ತುಳಸಿ ಒಣಗುತ್ತಿರುವುದನ್ನು ನಾನು ಮೊದಲು ಒಪ್ಪಿಕೊಳ್ಳಲಿಲ್ಲ. ಮಾಗಿಯಲ್ಲಿ ತುಳಸಿ ಎಲೆ ಸಣ್ಣದಾಗಿ ಕಪ್ಪಾಗುತ್ತದೆ, ಕದಿರು ಬಿಡುತ್ತದೆ, ಅದು ಸಹಜ. ಅತ್ತೆ ಆ ಕದಿರುಗಳನ್ನು ಚಿವುಟಿ ಹಾಕುತ್ತಿದ್ದರು, ಚಿವುಟಿದರೆ ಮತ್ತೆ ಚಿಗುರುತ್ತದೆ. ಈಗ ಗಿಡವೆಲ್ಲ ಕದಿರೇ. ಎಲೆ ಬೆರಳೆಣಿಕೆಗೆ ಬಂದಿತ್ತು. ಒಂದು ಭಾನುವಾರ ನನ್ನ ಗಂಡ ಪೇಪರು ಓದುತ್ತಿದ್ದಾಗ ಕೇಳಿದೆ.

"ಏನ್ರೀ, ಬೀಗ ತೆಗೆದು ಒಂದು ಚೊಂಬು ನೀರು ಉಯ್ದು ಬಂದ್ಬಿಡ್ಲಾ?"

"ಅವನು ಅದಕ್ಕೇ ಕಾಯ್ಕಂಡು ಕೂತವ್ನೆ. ನೀನು ಕಾಲಿಟ್ಟಿದ್ದೇ ಸಾಕು, ಕಂಪ್ಲೇಂಟು ಬರೆಸ್ಬುಡ್ತಾನೆ."

"ತುಳಸಿ ಕಣ್ರೀ ಅದು. ಅತ್ತೆ ಇಟ್ಟಿದ್ದು."

"ನಮ್ಮವ್ವ ಇಟ್ಟಿದ್ದು ಅಂತ ನಂಗೊತ್ತಿಲ್ವಾ?" ಎಂದವರು ಪೇಪರನ್ನು ಮುಖಕ್ಕೆ ಎತ್ತಿಕೊಂಡರು. ಬಹಳ ಹೊತ್ತು ಹಾಳೆ ತಿರುಗಿಸಲಿಲ್ಲ. ಆ ಮನುಷ್ಯನೂ ನನ್ನ ಹಾಗೇ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಅವತ್ತು ಅನ್ನಿಸಿತು. ಅನ್ನಿಸಿದ್ದರಿಂದ ನನಗೇನೂ ಹಗುರವಾಗಲಿಲ್ಲ. ನಾಲ್ಕು ಹೆಜ್ಜೆ ದೂರದ ಗಿಡಕ್ಕೆ ಒಂದು ಚೊಂಬು ನೀರು ಹಾಕಲು ನನ್ನ ಮನೆಯಲ್ಲೇ ನನಗೆ ಸ್ವಾತಂತ್ರ್ಯವಿಲ್ಲ ಎಂಬುದು ಮನಸ್ಸಿನಿಂದ ಹೋಗಲಿಲ್ಲ.

ಸಂಕ್ರಾಂತಿಗೆ ನಾಲ್ಕೈದು ದಿನವಿರುವಾಗ ದಾಸವಾಳದ ಬುಡದ ಮಣ್ಣು ಕಪ್ಪಗಿರುವುದು ಕಂಡಿತು. ಪಕ್ಕದ ದುಂಡುಮಲ್ಲಿಗೆಯ ಬುಡವೂ ಅಷ್ಟೆ. ಮಲ್ಲಿಗೆ ಚಳಿಗಾಲದಲ್ಲಿ ಮಲಗುವ ಗಿಡ, ಅದರ ಎಲೆಯುದುರಿದ ಕಡ್ಡಿಗಳನ್ನು ನೋಡಿ ಬದುಕಿದೆಯೋ ಸತ್ತಿದೆಯೋ ಹೇಳಲಾಗದು. ಆದರೆ ಮಣ್ಣು ಒದ್ದೆಯಾಗಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಮಾರನೆಯ ದಿನ ಹೊಲಿಗೆ ಬಿಟ್ಟು ಕಾದು ಕೂತೆ. ಹನ್ನೊಂದು ಗಂಟೆಯ ಸುಮಾರಿಗೆ ಭಾವನವರ ಬಚ್ಚಲಿನ ಕಿಟಕಿಯ ಸರಳಿನಿಂದ ಹಸಿರು ಪೈಪಿನ ಒಂದು ತುದಿ ಹೊರಬಂತು. ಹಿಂದೆಯೇ ಬಳೆ ತೊಟ್ಟ ಕೈ. ನೀರು ಸಣ್ಣಗೆ ಬಿದ್ದು ಮಲ್ಲಿಗೆಯ ಬುಡ ಸೇರಿತು. ಆಮೇಲೆ ಪೈಪು ಒಳಗೆ ಹೋಯಿತು.

ಫೋನು ನನ್ನ ಮಡಿಲಲ್ಲೇ ಇತ್ತು. ವಕೀಲರು ಕೇಳಿದ್ದ ಸಾಕ್ಷಿ ಇದೇ. ನಾನು ಫೋನು ಮುಟ್ಟಲಿಲ್ಲ. ಎದ್ದು ಅಟ್ಟದ ಮೇಲೆ ಬಿದ್ದಿದ್ದ ಪಿವಿಸಿ ಪೈಪಿನ ತುಂಡೊಂದನ್ನು ಇಳಿಸಿಕೊಂಡೆ. ಅಡುಗೆಮನೆಯ ಕಿಟಕಿಯ ಸರಳಿಗೆ ತೂರಿಸಿ, ಅಕ್ಕಿ ತೊಳೆದ ನೀರನ್ನು ಅದಕ್ಕೆ ಹುಯ್ದೆ. ಕರಿಬೇವಿನ ಬುಡಕ್ಕೆ ಸರಿಯಾಗಿ ಹೋಯಿತು. ಕದ್ದವಳ ಹಾಗೆ ಪೈಪನ್ನು ಬೇಗ ಒಳಗೆಳೆದುಕೊಂಡೆ.

ಅಂದಿನಿಂದ ದಿನಾ ಹನ್ನೊಂದಕ್ಕೆ ಅವರು, ಅದಾದ ಮೇಲೆ ನಾನು. ಎರಡೂ ಕಿಟಕಿ ಒಂದೇ ಗೋಡೆಯ ಸಾಲಿನಲ್ಲಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣದು. ಒಂದು ದಿನ ನಾನು ಪೈಪು ಒಳಗೆಳೆಯುವಾಗ ಅದು ಸರಳಿಗೆ ತಗುಲಿ ಸದ್ದಾಯಿತು.

"ನೀನೇನಾ?" ಎಂದು ಅಕ್ಕನ ದನಿ ಕೇಳಿತು. ನಾವು ಮಾತಾಡಿ ಎರಡು ತಿಂಗಳ ಮೇಲಾಗಿತ್ತು.

"ಊಂ ಅಕ್ಕ, ನಾನೇ."

ಆಮೇಲೆ, "ನಿನ್ ಪೈಪು ಎಲ್ಲೀಗಂಟ ಬತ್ತದೆ?" ಎಂದರು.

"ಕರಿಬೇವಿನ ತಂಕ."

"ತುಳ್ಸಿಗೆ ಎಟುಕ್ತದಾ?"

"ಇಲ್ಲ ಅಕ್ಕ."

"ನಂದೂ ಎಟುಕ್ನಿಲ್ಲ ಕಣೆ. ಕೋಲಿಗೆ ಕಟ್ಟಿ ನೋಡ್ದೆ. ಕಲ್ಲು ಅಡ್ಡ ಬತ್ತವೆ." ಕಿಟಕಿ ಮುಚ್ಚಿದ ಸದ್ದು ಕೇಳಿತು. ಆ ವರ್ಷ ಎಳ್ಳು ಬೀರಲು ನಾನು ಅವರ ಮನೆಗೆ ಹೋಗಲಿಲ್ಲ, ಅವರೂ ಬರಲಿಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ತುಳಸಿ ಪೂರ್ತಿ ಕಡ್ಡಿಯಾಯಿತು. ಮೂಲೆಯ ನುಗ್ಗೆ ಮಾತ್ರ ಯಾರ ಹಂಗೂ ಇಲ್ಲದೆ ಎಲೆ ಉದುರಿಸಿಕೊಂಡು, ಬೋಳು ರೆಂಬೆಯ ತುಂಬ ಹೂ ಬಿಟ್ಟಿತು.

ಕೋರ್ಟಿನ ತಾರೀಖು ಹತ್ತಿರ ಬಂದಾಗ ನನ್ನ ಗಂಡ ಫೋಟೋಗಳನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. "ಇಲ್ಲಿ ನೆಲ ಒದ್ದೆಯಾಗದೆಯಲ್ಲ?" ಎಂದು ದಾಸವಾಳದ ಬುಡ ತೋರಿಸಿದರು.

"ಇಬ್ಬನಿ ಇರ್ಬೇಕು" ಎಂದೆ.

"ಇಬ್ಬನಿ ಒಂದೇ ಗಿಡದ ಬುಡಕ್ಕೆ ಬೀಳ್ತದಾ?" ಎಂದವರ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವು ಕಂಡಿತು. ಅಣ್ಣನ ಮನೆಯವರು ಗಿಡವನ್ನು ಬೆಳೆಸಿಕೊಂಡು ಜಾಗ ತಮ್ಮದೆಂದು ತೋರಿಸಲು ಹೊರಟಿದ್ದಾರೆ, ಇದು ಅಪ್ಪಣೆ ಮೀರಿದ್ದು ಎಂದು ಅವರ ವಾದ. ಮಾರನೆಯ ದಿನವೇ ರಜೆ ಹಾಕಿ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದರು.

ವಕೀಲರು ಫೋಟೋ ನೋಡಿ, ಅರ್ಜಿ ಹಾಕಬಹುದು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಫೋಟೋ ತೆಗೆದವರು ನೀವು, ಪ್ರಮಾಣಪತ್ರಕ್ಕೆ ನೀವೇ ಸಹಿ ಹಾಕ್ಬೇಕು. ಅವರು ನೀರು ಹಾಕಿದ್ದು ಕಣ್ಣಾರೆ ನೋಡಿದ್ದೀರಾ?"

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಸುಳ್ಳು. ಹೌದು ಎಂದರೆ, ಬಳೆ ತೊಟ್ಟ ಆ ಕೈಯನ್ನು ಕಟಕಟೆಗೆ ಎಳೆದ ಹಾಗೆ. ಬಾಯಿಗೆ ಬಂದದ್ದು ಬೇರೆಯೇ.

"ನಾನೂ ಹಾಕಿದೀನಿ ಸಾ" ಎಂದೆ. "ಕರಿಬೇವಿಗೆ. ದಿನಾ. ಕಿಟಕಿಯಿಂದ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ನನ್ನ ಗಂಡನ ಕಡೆ ನೋಡಿ, "ಹಾಗಾದ್ರೆ ಈ ಅರ್ಜಿ ಬೇಡ ಬಿಡಿ" ಎಂದರು. ಅವರಿಗೆ ನಗು ಬಂದಿತ್ತು, ತಡೆದುಕೊಂಡರು.

ಹಾಸನದಿಂದ ಬರುವ ಬಸ್ಸಿನಲ್ಲಿ ನನ್ನ ಗಂಡ ಮೊದಲು ನನ್ನ ಪಕ್ಕದಲ್ಲೇ ಕೂತಿದ್ದರು. ಮೊಸಳೆ ಎಂಬ ಊರು ದಾಟಿದ ಮೇಲೆ ಸೀಟು ಖಾಲಿಯಾದಾಗ ಎದ್ದು ಮುಂದೆ ಹೋಗಿ ಕೂತರು. ಅವರ ಹಿಂದಲೆ ನೋಡುತ್ತ ನಾನು ಹೆದರಿದ್ದೆ, ಆದರೆ ಹೇಳಿದ್ದು ತಪ್ಪಾಯಿತು ಎಂದು ಅನ್ನಿಸಲಿಲ್ಲ. ಮನೆಯಲ್ಲಿ ಐದು ದಿನ ಮೌನ. ತಟ್ಟೆ ಇಟ್ಟರೆ ಉಂಡರು, ನೀರು ಕೊಟ್ಟರೆ ಕುಡಿದರು. ನಾನು ಎಂಟಕ್ಕೆ ಫೋಟೋ ತೆಗೆಯುತ್ತಲೇ ಇದ್ದೆ. ಆರನೆಯ ದಿನ ಬಸ್ಸಿಗೆ ಹೊರಟವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ತಿರುಗದೆ, "ಇನ್ ಪೋಟ ಬ್ಯಾಡ" ಎಂದರು. ಸಿಟ್ಟೋ ಸಾಕಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯುಗಾದಿ ಕಳೆದ ಮೇಲೆ ಕೋರ್ಟಿನವರೇ ರಾಜಿಗೆ ಕೂರಿಸಿದರು. ಭಾವನವರಿಗೂ ಓಡಾಡಿ ಸಾಕಾಗಿತ್ತು. ಹಿತ್ತಲನ್ನು ಸರಿಯಾಗಿ ಎರಡು ಮಾಡಿ ನಡುವೆ ಗೋಡೆ ಎಬ್ಬಿಸುವುದು ಎಂದು ಒಪ್ಪಂದವಾಯಿತು. ಅಳತೆಯವರು ಬಂದ ದಿನ ಎರಡೂ ಬೀಗ ತೆಗೆದರು. ಐದು ತಿಂಗಳ ಮೇಲೆ ನಾನೂ ಅಕ್ಕನೂ ಹೊರಗೆ ಕಾಲಿಟ್ಟೆವು.

ಹತ್ತಿರದಿಂದ ನೋಡಿದಾಗ ನಾನು ಕಿಟಕಿಯಿಂದ ತಿಳಿದಿದ್ದರಲ್ಲಿ ಅರ್ಧ ಸುಳ್ಳಾಗಿತ್ತು. ಗಟ್ಟಿಯಾಗಿ ನಿಂತಿದ್ದ ಪಪ್ಪಾಯ ಕಿಟಕಿಗೆ ಕಾಣದ ಮಗ್ಗುಲಲ್ಲಿ ಬುಡದಿಂದ ಕೊಳೆತಿತ್ತು, ತಳ್ಳಿದರೆ ಬೀಳುವ ಹಾಗೆ. ಸತ್ತೇಹೋಯಿತೆಂದುಕೊಂಡಿದ್ದ ಸೇವಂತಿಗೆಯ ಬುಡದಲ್ಲಿ ಉಗುರಿನಷ್ಟು ಮರಿಗಳಿದ್ದವು. ಹುಳು ತಿಂದ ದಾಸವಾಳದ ಕಾಂಡವನ್ನು ಅಕ್ಕ ಉಗುರಿನಿಂದ ಗೀರಿದರು, ಒಳಗೆ ಹಸಿರಿತ್ತು. ಮಲ್ಲಿಗೆ ಆಗಲೇ ಚಿಗುರಿ ಮೊಗ್ಗು ಕಟ್ಟಿತ್ತು. ನಾವಿಬ್ಬರೂ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರೆ, ಗಂಡಸರು ಟೇಪು ಹಿಡಿದು ಆಚೆ ಸರಿಯಿರಿ ಎಂದು ಹೇಳುತ್ತಿದ್ದರು. ತುಳಸಿಕಟ್ಟೆ ಸರಿಯಾಗಿ ಗೆರೆಯ ಮೇಲೆ ಬಂತು. ಕಿತ್ತು ಹಾಕುವುದೆಂದು ಅಣ್ಣ ತಮ್ಮ ಇಬ್ಬರೂ ಒಪ್ಪಿದರು. ನಮ್ಮನ್ನು ಯಾರೂ ಕೇಳಲಿಲ್ಲ.

ದಾಸವಾಳ, ಮಲ್ಲಿಗೆ, ಸೇವಂತಿಗೆ ಅವರ ಪಾಲಿಗೆ ಹೋದವು. ರೂಮು ಕಟ್ಟುವಾಗ ಮೂರನ್ನೂ ತೆಗೆದರು. ಕರಿಬೇವು, ನುಗ್ಗೆ ನಮ್ಮ ಪಾಲಿಗೆ ಬಂದವು. ಗೋಡೆ ಸೊಂಟದೆತ್ತರಕ್ಕೆ ಬಂದಿದ್ದಾಗ ನಾನು ಕರಿಬೇವಿನ ಬುಡದ ಒಂದು ಮರಿಯನ್ನು ಬೇರುಸಹಿತ ತೆಗೆದು, ಹಳೆಯ ಪೇಂಟ್ ಬಕೆಟ್ಟಿಗೆ ಹಾಕಿ, ಆಚೆಗೆ ಎತ್ತಿಕೊಟ್ಟೆ. ಅಕ್ಕ ಎರಡೂ ಕೈಯಲ್ಲಿ ಇಸಿದುಕೊಂಡರು.

ಒಂದು ತಿಂಗಳ ಮೇಲೆ ಬೀದಿಯಲ್ಲಿ ಸೊಪ್ಪಿನ ಗಾಡಿಯ ಹತ್ತಿರ ಸಿಕ್ಕಿದರು. "ನೀ ಕೊಟ್ಟ ಮರಿ ಅತ್ಲಿಲ್ಲ ಕಣೆ, ಒಣಗೋಯ್ತು. ರೂಮಿನ ನೆಳ್ಳು ಜಾಸ್ತಿಯಾಯ್ತು" ಎಂದರು.

"ಇನ್ನೊಂದು ಕೊಡ್ತೀನಿ ಬುಡು ಅಕ್ಕ" ಎಂದೆ.

ಈಗ ಗೋಡೆ ನನ್ನ ತಲೆಗಿಂತ ಎತ್ತರವಿದೆ. ಮರಿ ಕೊಡಬೇಕೆಂದರೆ ಮುಂಬಾಗಿಲಿನಿಂದ ಬೀದಿಗಿಳಿದು, ಅವರ ಮುಂಬಾಗಿಲು ತಟ್ಟಬೇಕು. ಭಾವನವರು ಬಂದು ತೆಗೆದರೆ ಏನು ಹೇಳುವುದು, ನನ್ನ ಗಂಡ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತ ಮಳೆಗಾಲ ಕಳೆಯಿತು. ಮತ್ತೆ ಮಾಗಿ ಬಂದಿದೆ. ಚಳಿಯಲ್ಲಿ ಮರಿ ಕಿತ್ತರೆ ಹತ್ತುವುದಿಲ್ಲ. ನಾನು ಇನ್ನೂ ಹೋಗಿಲ್ಲ.